ಸಾಂಕ್ರಾಮಿಕ ರೋಗ ಮತ್ತು ಶ್ರಾವಕನ ಅಪ್ರಮಾದ

ಹಿಂಸೆ ಎಂಬ ಶಬ್ದವನ್ನು ಕೇಳಿದೊಡನೆ ಮನಸ್ಸಿಗೆ ಬರುವುದು ಕೈಯಲ್ಲಿ ಹಿಡಿದ ಆಯುಧ, ಎದುರಿಗೆ ನಿಂತ ಜೀವಿ ಮತ್ತು ಕೊಲ್ಲಬೇಕೆಂಬ ಬಯಕೆ. ಈ ಮೂರೂ ಇಲ್ಲದೆ ಸಂಭವಿಸುವ ಸಾವುಗಳೂ ಲೋಕದಲ್ಲಿವೆ. ಮೈಯಲ್ಲಿ ಜ್ವರವಿದ್ದೂ ಮದುವೆಯ ಮನೆಗೆ ಹೋಗಿಬಂದವನಿಂದ ಅಲ್ಲಿದ್ದ ವೃದ್ಧರೊಬ್ಬರಿಗೆ ರೋಗ ತಗುಲಿ, ಅವರು ಕೆಲವೇ ದಿನಗಳಲ್ಲಿ ತೀರಿಕೊಂಡರು ಎಂದಿಟ್ಟುಕೊಳ್ಳೋಣ. ಹೋದವನಿಗೆ ಆ ವೃದ್ಧರ ಮೇಲೆ ದ್ವೇಷವಿರಲಿಲ್ಲ. ಅವನ ಕೈಯಲ್ಲಿದ್ದುದು ಮುಯ್ಯಿಯ ಲಕೋಟೆ ಮಾತ್ರ. ಅವರ ಸಾವಿನ ಸುದ್ದಿಯೂ ಅವನನ್ನು ತಲುಪದೆ ಹೋಗಿರಬಹುದು. ಇದನ್ನು ಹಿಂಸೆ ಎನ್ನಬೇಕೇ, ಅಥವಾ ಅವರವರ ಆಯುಃಕರ್ಮವೆಂದು ಬಿಟ್ಟುಬಿಡಬೇಕೇ? ಅಹಿಂಸೆಯನ್ನು ಪ್ರಥಮ ವ್ರತವಾಗಿ ಹೇಳಿಕೊಳ್ಳುವ ಸಮಾಜದಲ್ಲಿ ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವಿರಬೇಕಾದುದು ನ್ಯಾಯ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳಿ ಸುಮ್ಮನಾಗಿಲ್ಲ. ಪ್ರಾಣಹಾನಿಗೆ ಮುಂಚೆ ಪ್ರಮಾದವನ್ನು ಇಟ್ಟಿದ್ದಾರೆ. ಪ್ರಮಾದವೆಂದರೆ ಎಚ್ಚರಗೇಡಿತನ, ಕಷಾಯವಶನಾಗಿ ಮಾಡಬೇಕಾದ ಜಾಗರೂಕತೆಯನ್ನು ಮಾಡದಿರುವುದು. ಇದನ್ನೇ ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇನ್ನಷ್ಟು ಬಿಡಿಸಿ ಹೇಳುತ್ತಾರೆ. ಯತ್ನಾಚಾರದಿಂದ ನಡೆಯುವವನ ಕಾಲಿಗೆ ಸಿಕ್ಕಿ ಜೀವವೊಂದು ಸತ್ತರೂ ಅವನಿಗೆ ಹಿಂಸೆಯ ದೋಷವಿಲ್ಲ; ಎಚ್ಚರವಿಲ್ಲದೆ ನಡೆಯುವವನ ಕಾಲಡಿ ಯಾವ ಜೀವವೂ ಸಾಯದಿದ್ದರೂ ಅವನು ಹಿಂಸಕನೇ. ಈ ಮಾತು ಎರಡು ಕಡೆ ಅಲಗುಳ್ಳದ್ದು. ಎಚ್ಚರ ತಪ್ಪಿದವನು ತನ್ನಿಂದ ಯಾರಿಗೂ ಏನೂ ಆಗಲಿಲ್ಲವೆಂದು ಸಮಾಧಾನಪಡುವಂತಿಲ್ಲ. ಎಚ್ಚರದಿಂದಿದ್ದವನು ಆದ ಅನಾಹುತಕ್ಕಾಗಿ ಜೀವನವಿಡೀ ತನ್ನನ್ನು ತಾನು ದಂಡಿಸಿಕೊಳ್ಳಬೇಕಾಗಿಯೂ ಇಲ್ಲ. ರೋಗ ಹರಡುವಿಕೆಯ ವಿಷಯಕ್ಕೆ ಈ ಸೂತ್ರ ಹೊಂದುವಷ್ಟು ನಿಖರವಾಗಿ ಮತ್ತೆಲ್ಲಿಯೂ ಹೊಂದಲಾರದು. ಏಕೆಂದರೆ ತನ್ನಿಂದ ಯಾರಿಗೆ ರೋಗ ಹೋಯಿತು, ಯಾರಿಗೆ ಹೋಗಲಿಲ್ಲ ಎಂಬುದು ಇಲ್ಲಿ ಕರ್ತೃವಿಗೆ ಎಂದಿಗೂ ತಿಳಿಯುವುದಿಲ್ಲ. ಲೆಕ್ಕ ಇಡಬಹುದಾದುದು ಎಚ್ಚರಕ್ಕೆ ಮಾತ್ರ.

ಆದರೆ ಎಚ್ಚರಕ್ಕೆ ತಿಳಿವಳಿಕೆ ಬೇಕು. ತಿಳಿಯದ ಅಪಾಯದ ಬಗ್ಗೆ ಎಚ್ಚರವಹಿಸುವುದು ಸಾಧ್ಯವಿಲ್ಲ. 1847ರಲ್ಲಿ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಸೆಮೆಲ್‌ವೈಸ್ ಎಂಬ ವೈದ್ಯರಿದ್ದರು. ಬಾಣಂತಿ ಜ್ವರದಿಂದ ತಾಯಂದಿರು ಸಾಯುತ್ತಿದ್ದುದು ವೈದ್ಯರೇ ನೋಡಿಕೊಳ್ಳುತ್ತಿದ್ದ ವಾರ್ಡಿನಲ್ಲಿ ಹೆಚ್ಚು, ಸೂಲಗಿತ್ತಿಯರು ನೋಡಿಕೊಳ್ಳುತ್ತಿದ್ದ ವಾರ್ಡಿನಲ್ಲಿ ಕಡಿಮೆ. ವೈದ್ಯರು ಹೆಣಗಳನ್ನು ಕೊಯ್ದು ಪರೀಕ್ಷಿಸಿದ ಕೈಗಳಿಂದಲೇ ಬಂದು ಹೆರಿಗೆ ಮಾಡಿಸುತ್ತಿದ್ದರೆಂಬುದನ್ನು ಅವರು ಗುರುತಿಸಿದರು. ಶವಪರೀಕ್ಷೆಯಲ್ಲಿ ಕತ್ತಿ ತಾಗಿದ ಸಹೋದ್ಯೋಗಿಯೊಬ್ಬರು ಅದೇ ಬಗೆಯ ಜ್ವರದಿಂದ ತೀರಿಕೊಂಡುದು ಆ ಸಂಶಯವನ್ನು ದೃಢಪಡಿಸಿತು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಬರಬೇಕೆಂದು ಮೇ ತಿಂಗಳಲ್ಲಿ ನಿಯಮ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ ಸುಮಾರು 18ರಷ್ಟಿದ್ದ ಸಾವು ಜೂನ್ ಜುಲೈಗಳಲ್ಲಿ ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ರೋಗಾಣುವಿನ ಸಿದ್ಧಾಂತ ಆಗಿನ್ನೂ ನೆಲೆಗೊಂಡಿರಲಿಲ್ಲ. ಆದರೂ ಬಹುಪಾಲು ವೈದ್ಯರು ಅವರ ಮಾತನ್ನು ಒಪ್ಪಲಿಲ್ಲ. ಸಭ್ಯ ಪುರುಷರ ಕೈಗಳು ಮಲಿನವಾಗಿರಬಲ್ಲವು ಎಂಬುದು ಅವರಿಗೆ ಅವಮಾನವಾಗಿ ತೋರಿತು. 1847ಕ್ಕೆ ಮುಂಚೆ ಆ ವೈದ್ಯರು ಮಾಡಿದುದು ಅಜ್ಞಾನ. ಅದರ ಅನಂತರ, ಅಂಕಿಗಳನ್ನು ಕಂಡಮೇಲೂ ಕೈ ತೊಳೆಯದೆ ಮಾಡಿದುದು ಮಾನಕಷಾಯದಿಂದ ಹುಟ್ಟಿದ ಪ್ರಮಾದ. ಕೈ ಅದೇ, ಕೆಲಸ ಅದೇ. ನಡುವೆ ತಿಳಿವಳಿಕೆ ಬಂದುದರಿಂದ ಕರ್ಮದ ಸ್ವರೂಪ ಬದಲಾಯಿತು.

ಇದು ದೂರದ ದೇಶದ ಮಾತಾಯಿತು. ದಾವಣಗೆರೆ, ಹರಿಹರಗಳ ನೆಲದಲ್ಲಿಯೂ ಇಂಥ ಪಾಠಗಳು ನಡೆದಿವೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಹುಬ್ಬಳ್ಳಿಯನ್ನು ತಲುಪಿ, 1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದಿತು. ಆ ರೈಲಿನ ದಾರಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ ದಾವಣಗೆರೆಯ ಮೂಲಕವೇ ಸಾಗುತ್ತದೆ. ಅಂದು ಹೊಳೆಯ ಆಚೆ ದಡ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದು, ಈಚೆ ದಡ ಮೈಸೂರು ಸಂಸ್ಥಾನ. ಹತ್ತಿಯ ಮೂಟೆ, ಧಾನ್ಯದ ಚೀಲ, ಬಟ್ಟೆಯ ಗಂಟು ಹೋದೆಡೆಯಲ್ಲೆಲ್ಲ ಇಲಿ ಹೋಗುತ್ತದೆ, ಇಲಿಯ ಮೈಮೇಲೆ ಚಿಗಟ ಹೋಗುತ್ತದೆ. ಚಿಗಟದಿಂದಲೇ ಪ್ಲೇಗು ಹರಡುವುದೆಂದು ಸಿಮಾಂಡ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ತೋರಿಸಿದ್ದೂ ಅದೇ 1898ರಲ್ಲಿ; ಅದನ್ನು ಲೋಕ ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ವ್ಯಾಪಾರದ ದಾರಿಯೇ ರೋಗದ ದಾರಿಯೂ ಆದುದನ್ನು ಮಂಡಿ ವ್ಯವಹಾರದ ಮನೆತನಗಳು ಮರೆಯಬಾರದು.

ಆ ಕಾಲದ ಜನರಿಗೆ ರೋಗದಷ್ಟೇ ಭಯ ಹುಟ್ಟಿಸಿದ್ದು ಅಧಿಕಾರಿಗಳ ತಪಾಸಣೆ. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದ ರೋಗಿಯನ್ನು ಮನೆಯಿಂದ ಎಳೆದೊಯ್ದು ಪ್ರತ್ಯೇಕ ಷೆಡ್ಡಿನಲ್ಲಿ ಹಾಕುತ್ತಿದ್ದರು, ಮನೆಯ ಸಾಮಾನನ್ನು ಸುಡುತ್ತಿದ್ದರು. ಹೀಗಾಗಿ ಜನ ರೋಗಿಗಳನ್ನು ಬಚ್ಚಿಟ್ಟರು. ಬಚ್ಚಿಟ್ಟವರನ್ನು ಇಂದು ಕುಳಿತು ನಿಂದಿಸುವುದು ಸುಲಭ, ಆದರೆ ನ್ಯಾಯವಲ್ಲ. ಕ್ರೌರ್ಯದಿಂದ ಮಾಡಿದ ಪ್ರತ್ಯೇಕತೆ ಸುಳ್ಳನ್ನು ಹುಟ್ಟಿಸುತ್ತದೆ, ಸುಳ್ಳು ರೋಗವನ್ನು ಹರಡುತ್ತದೆ. ಜನ ತಾವಾಗಿ ಕಂಡುಕೊಂಡ ಉಪಾಯ ಇದಕ್ಕಿಂತ ಮೇಲಾಗಿತ್ತು. ಇಲಿ ಬಿದ್ದರೆ ಇಡೀ ಊರೇ ಮನೆಗಳಿಗೆ ಬೀಗ ಹಾಕಿ ಹೊರಗಿನ ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿತ್ತು. ಆಗ ಬೇರೆಯಾದವರು ಯಾರೂ ಇರಲಿಲ್ಲ, ಎಲ್ಲರೂ ಬೇರೆಯಾಗಿದ್ದರು. ಆದುದರಿಂದ ನಾಚಿಕೆಯೂ ಇರಲಿಲ್ಲ.

ನಾಚಿಕೆಯಿಲ್ಲದ ಪ್ರತ್ಯೇಕತೆ ಜೈನ ಗೃಹಸ್ಥನಿಗೆ ಹೊಸದೂ ಅಲ್ಲ. ಮನೆಯಲ್ಲಿ ಜನನವಾದರೆ, ಮರಣವಾದರೆ ಸೂತಕ. ನಿಶ್ಚಿತ ದಿನಗಳವರೆಗೆ ಆ ಮನೆಯವರು ಪೂಜೆ ಮಾಡುವುದಿಲ್ಲ, ಮುನಿಗಳಿಗೆ ಆಹಾರ ಕೊಡುವುದಿಲ್ಲ. ಇದರಿಂದ ಯಾರೂ ಅವಮಾನಿತರಾಗುವುದಿಲ್ಲ. ಕೇಳುವ ಮೊದಲೇ ತಾವಾಗಿ ಹೇಳುತ್ತಾರೆ. ಸೂತಕದ ಮೂಲ ಆರೋಗ್ಯಶಾಸ್ತ್ರವೇ ಎಂದು ಸಾಧಿಸಹೊರಡುವುದು ಇಲ್ಲಿನ ಉದ್ದೇಶವಲ್ಲ. ಅಂತಹ ವಾದಗಳಲ್ಲಿ ಹುರುಳಿಗಿಂತ ಹುರುಪು ಹೆಚ್ಚು. ತಾನಾಗಿ ದೂರವಿರುವುದು ಮರ್ಯಾದೆಯ ಲಕ್ಷಣವೆಂದು ಬಾಲ್ಯದಿಂದ ಕಲಿತ ಸಮಾಜಕ್ಕೆ ಕ್ಷಯದ ಕೆಮ್ಮನ್ನು, ಸೀತಾಳೆ ಸಿಡುಬಿನ ಗುಳ್ಳೆಯನ್ನು, ವಾಂತಿಭೇದಿಯನ್ನು ಬಹಿರಂಗವಾಗಿ ಹೇಳಿಕೊಂಡು ಕೆಲವು ದಿನ ಹಿಂದೆ ಸರಿಯುವುದು ಕಷ್ಟವಾಗಬಾರದು ಎಂಬಷ್ಟೇ ಅಭಿಪ್ರಾಯ. ಕಷ್ಟವಾಗುತ್ತಿದೆ ಎಂಬುದು ಅನುಭವ. ಮಗಳ ಸಂಬಂಧ ಕೂಡುವ ಹೊತ್ತಿನಲ್ಲಿ ಮನೆಯ ಕ್ಷಯರೋಗಿಯ ಔಷಧದ ಚೀಟಿ ಪೆಟ್ಟಿಗೆಯ ತಳ ಸೇರುತ್ತದೆ. ಸರಿಯಾಗಿ ಔಷಧ ತೆಗೆದುಕೊಂಡರೆ ಗುಣವಾಗುವ, ಕೆಲವೇ ವಾರಗಳಲ್ಲಿ ಇತರರಿಗೆ ಹರಡುವುದು ಸಾಮಾನ್ಯವಾಗಿ ನಿಂತುಹೋಗುವ ರೋಗಕ್ಕೆ ಈ ಗತಿ.

ಇನ್ನು ನೀರಿನ ವಿಚಾರ. ದಾವಣಗೆರೆ ನಗರ ಕುಡಿಯುವ ನೀರು ಒಂದು ಪಾಲು ಹರಿಹರದ ಬಳಿ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿದ್ದು, ಇನ್ನೊಂದು ಪಾಲು ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಮೊದಲಾದ ಕೆರೆಗಳದ್ದು. ಹೊಳೆಯ ನೀರೆಂದರೆ ಮೇಲಿನ ಊರುಗಳೆಲ್ಲ ಬಳಸಿ ಬಿಟ್ಟ ನೀರು ಸೇರಿಕೊಂಡದ್ದೇ. ಗಾಳಿಸದ ನೀರನ್ನು ಮುಟ್ಟದಿರುವುದು ಶ್ರಾವಕನ ಮೊದಲ ಗುರುತು. ದಟ್ಟವಾದ ಬಟ್ಟೆಯನ್ನು ಮಡಿಸಿ ನೀರನ್ನು ಸೋಸುತ್ತಿದ್ದ ಅಜ್ಜಿಯರ ಉದ್ದೇಶ ತಮ್ಮ ಆರೋಗ್ಯವಲ್ಲ, ನೀರಿನಲ್ಲಿರುವ ತ್ರಸಜೀವಗಳ ರಕ್ಷಣೆ. ಆದರೆ ಆ ಬಟ್ಟೆ ಮಾಡಿದ ಕೆಲಸ ಸಣ್ಣದಲ್ಲ. ಉತ್ತರ ಕರ್ನಾಟಕದ ಮೆಟ್ಟಿಲು ಬಾವಿಗಳ ಊರುಗಳನ್ನು ತಲೆಮಾರುಗಳ ಕಾಲ ಕಾಡಿದ ನಾರುಹುಣ್ಣಿನ ಹುಳು ನೀರಿನ ಒಂದು ಸೂಕ್ಷ್ಮ ಜೀವಿಯ ಹೊಟ್ಟೆಯಲ್ಲಿದ್ದುಕೊಂಡು ಮನುಷ್ಯನ ದೇಹವನ್ನು ಸೇರುತ್ತಿತ್ತು. ಅದಕ್ಕೆ ಲಸಿಕೆಯೂ ಇಲ್ಲ, ಔಷಧವೂ ಇಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಹುಣ್ಣಿರುವವರು ಬಾವಿಗೆ ಇಳಿಯದಿರುವುದು, ಬಾವಿಯ ಮೆಟ್ಟಿಲುಗಳನ್ನು ಮುಚ್ಚಿ ಕೊಳವೆಬಾವಿ ಒದಗಿಸುವುದು, ನೀರಿಗೆ ಸೂಕ್ಷ್ಮಜೀವಿನಾಶಕ ಬೆರೆಸುವುದು ಇಂಥ ಕ್ರಮಗಳಿಂದಲೇ ಭಾರತದಲ್ಲಿ ಆ ರೋಗ 1996ರಲ್ಲಿ ಕೊನೆಯ ಬಾರಿ ಕಂಡು ಮರೆಯಾಯಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಪ್ರಮಾಣೀಕರಿಸಿತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಹತ್ತಿ ಸೀರೆಯನ್ನು ಹಲವು ಪದರವಾಗಿ ಮಡಿಸಿ ನೀರು ಸೋಸಿದ ಮನೆಗಳಲ್ಲಿ ಕಾಲರಾ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತೆಂದು ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ಕಾಲರಾ ರೋಗಾಣು ನೀರಿನ ಸೂಕ್ಷ್ಮಪ್ರಾಣಿಗಳ ಮೈಗೆ ಅಂಟಿಕೊಂಡಿರುವುದೇ ಇದಕ್ಕೆ ಕಾರಣ.

ಇದನ್ನು ಓದಿ ಹಿಗ್ಗುವುದಕ್ಕೆ ಮುಂಚೆ ಎರಡು ಮಾತು ನೆನಪಿರಬೇಕು. ಬಟ್ಟೆ ಎಲ್ಲವನ್ನೂ ತಡೆಯಲಾರದು. ವಿಷಮಶೀತಜ್ವರದ ರೋಗಾಣು, ಕಾಮಾಲೆಯ ವೈರಸ್ ಅದರ ಎಳೆಗಳ ನಡುವೆ ಸರಾಗವಾಗಿ ನುಸುಳುತ್ತವೆ. ಅದಕ್ಕೆ ಕುದಿಸಿದ ನೀರೇ ಬೇಕು. ಮುನಿಗಳಿಗೆ ಪ್ರಾಸುಕ ಜಲವನ್ನೇ ಕೊಡುವ ಪದ್ಧತಿ ಗೊತ್ತಿದ್ದೂ ಮನೆಯ ಮಕ್ಕಳಿಗೆ ನಲ್ಲಿಯ ನೀರನ್ನು ನೇರವಾಗಿ ಕೊಡುವ ಮನೆಗಳುಂಟು. ಎರಡನೆಯದು, ಶಾಸ್ತ್ರ ಹೇಳಿದ ಗಾಲನವಿಧಿ ನೀರು ಸೋಸಿದಲ್ಲಿಗೆ ಮುಗಿಯುವುದಿಲ್ಲ. ಬಟ್ಟೆಯಲ್ಲಿ ಉಳಿದುದನ್ನು, ಅಂದರೆ ಜೀವಾಣಿಯನ್ನು, ತಂದ ಜಲಾಶಯಕ್ಕೇ ಮೆಲ್ಲಗೆ ಮರಳಿಸಬೇಕು. ತನ್ನ ಕೊಡ ಶುದ್ಧವಾದರೆ ಸಾಲದು, ಉಳಿದುದು ಎಲ್ಲಿಗೆ ಹೋಯಿತು ಎಂಬುದೂ ತನ್ನದೇ ಹೊಣೆ ಎಂಬ ಸೂಕ್ಷ್ಮ ಇದರಲ್ಲಿದೆ. ಇಂದಿನ ಮನೆಯಲ್ಲಿ ದುಬಾರಿ ಶುದ್ಧೀಕರಣ ಯಂತ್ರವಿದೆ, ಮನೆಯ ಮುಂದಿನ ಒಡೆದ ನಲ್ಲಿಯ ಪೈಪು ಚರಂಡಿಯ ನೀರಿನಲ್ಲಿ ಮುಳುಗಿದೆ. ಪಕ್ಕದ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ 2023ರ ಆಗಸ್ಟ್‌ನಲ್ಲಿ ಕಲುಷಿತ ನೀರು ಕುಡಿದು ಹಲವರು ಪ್ರಾಣ ಕಳೆದುಕೊಂಡರು. ಯಂತ್ರ ಕೊಳ್ಳಲಾಗದವರ ಮನೆಗಳು ಅವು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ನೀರನ್ನು ಕುದಿಸಿದರೆ ಜಲಕಾಯ ಜೀವಗಳು ಸಾಯುವುದಿಲ್ಲವೇ? ಫಿನೈಲು ಹಾಕಿ ನೆಲ ಒರೆಸಿದರೆ, ಸಾಬೂನಿನಿಂದ ಕೈ ತೊಳೆದರೆ ಅಸಂಖ್ಯಾತ ಸೂಕ್ಷ್ಮಜೀವಿಗಳ ವಧೆಯಲ್ಲವೇ? ಒಬ್ಬ ಮನುಷ್ಯನ ಆರೋಗ್ಯಕ್ಕಾಗಿ ಇಷ್ಟು ಜೀವಹಾನಿ ಸರಿಯೇ? ಪ್ರಶ್ನೆ ನಗುವಂಥದಲ್ಲ, ಶ್ರದ್ಧೆಯುಳ್ಳ ಹಿರಿಯರು ನಿಜವಾದ ಸಂಕಟದಿಂದಲೇ ಇದನ್ನು ಕೇಳುತ್ತಾರೆ. ಉತ್ತರವೂ ಪರಂಪರೆಯಲ್ಲಿಯೇ ಇದೆ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಸಂಪೂರ್ಣವಾಗಿ ಬಿಡಬೇಕು, ಉಳಿದವನ್ನು ಆದಷ್ಟು ಕಡಿಮೆ ಮಾಡಬೇಕು ಎಂದಿದ್ದಾರೆ. ಅಡಿಗೆ, ಶುಚಿತ್ವ, ಮನೆ ಕಟ್ಟುವುದು ಇವು ಆರಂಭದಲ್ಲಿ ಸೇರುತ್ತವೆ. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ಜೀವಗಳ ತಾರತಮ್ಯವನ್ನೂ ಹೇಳಿದ್ದಾರೆ. ಹಸುಗೂಸನ್ನು ಎತ್ತಿಕೊಳ್ಳುವ ಮುಂಚೆ ಕೈ ತೊಳೆಯದವನು ಅಹಿಂಸೆಯನ್ನು ಪಾಲಿಸಿದಂತಾಗಲಿಲ್ಲ. ದೊಡ್ಡ ಹಿಂಸೆಯ ದಾರಿಯನ್ನು ತೆರೆದಿಟ್ಟು ಚಿಕ್ಕದರಿಂದ ಕೈತೊಳೆದುಕೊಂಡಂತಾಯಿತು. ಪ್ರಸಂಗವಶಾತ್ ಇನ್ನೊಂದು ಮಾತು: ಶಾಸ್ತ್ರದ ನಿಗೋದಜೀವಗಳೇ ಬ್ಯಾಕ್ಟೀರಿಯಾ ಎಂದು ಉಪನ್ಯಾಸಗಳಲ್ಲಿ ಸಾರುವುದುಂಟು. ಒಂದೇ ಶರೀರವನ್ನು ಅನಂತ ಜೀವಗಳು ಹಂಚಿಕೊಂಡಿರುವುದೆಂಬ ನಿಗೋದದ ಲಕ್ಷಣ ಬ್ಯಾಕ್ಟೀರಿಯಾಕ್ಕೆ ಹೊಂದುವುದಿಲ್ಲ. ಈ ಬಗೆಯ ಹೋಲಿಕೆಯಿಂದ ಆಗಮಕ್ಕೂ ಗೌರವವಿಲ್ಲ, ವಿಜ್ಞಾನಕ್ಕೂ ಪ್ರಯೋಜನವಿಲ್ಲ.

ಜೀವವನ್ನು ಕೊಲ್ಲುವುದಕ್ಕಿಂತ ಅದು ಹುಟ್ಟದಂತೆ ನೋಡಿಕೊಳ್ಳುವುದು ಶ್ರೇಯಸ್ಕರವೆಂಬುದು ಜೈನ ಅಡಿಗೆಮನೆಯ ಹಳೆಯ ನೀತಿ. ಹಿಟ್ಟನ್ನು ಹೆಚ್ಚು ದಿನ ಇಡಬಾರದು, ಎಂಜಲು ಉಳಿಸಬಾರದು, ಒದ್ದೆ ಬಟ್ಟೆಯನ್ನು ಮುದ್ದೆಯಾಗಿ ಬಿಡಬಾರದು. ಇವೆಲ್ಲ ಜೀವೋತ್ಪತ್ತಿಯನ್ನು ತಡೆಯುವ ಕ್ರಮಗಳೇ. ಡೆಂಗೀ ಜ್ವರದ ವಿಷಯದಲ್ಲಿ ಈ ನೀತಿ ಅಕ್ಷರಶಃ ಅನ್ವಯಿಸುತ್ತದೆ. ಅದನ್ನು ಹರಡುವ ಸೊಳ್ಳೆ ಕೊಳಚೆಯಲ್ಲಿ ಬೆಳೆಯುವುದು ಅಪರೂಪ. ಮನೆಯ ತೊಟ್ಟಿ, ಡ್ರಮ್ಮು, ಹೂಕುಂಡದ ತಟ್ಟೆ, ಗೋದಾಮಿನ ಹಿಂದೆ ಬಿದ್ದ ಟೈರು ಇವುಗಳ ತಿಳಿನೀರಿನಲ್ಲಿ ಸುಮಾರು ವಾರ ಹತ್ತು ದಿನಗಳಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಗ್ರಾಮಾಂತರದಲ್ಲಿ 200 ರೂಪಾಯಿ, ವಾಣಿಜ್ಯ ಸ್ಥಳಗಳಿಗೆ ಅದಕ್ಕಿಂತ ಹೆಚ್ಚಿನ ದಂಡ ವಿಧಿಸಿತು. ಆರೋಗ್ಯ ಇಲಾಖೆಯವರು ತೊಟ್ಟಿಗೆ ಔಷಧ ಹಾಕಲು ಅಥವಾ ಲಾರ್ವಾ ತಿನ್ನುವ ಗಪ್ಪಿ ಮೀನು ಬಿಡಲು ಬಂದಾಗ ಬಾಗಿಲಲ್ಲಿಯೇ ತಡೆದು ‘ಇಲ್ಲಿ ಜೀವಹಿಂಸೆಗೆ ಅವಕಾಶವಿಲ್ಲ’ ಎನ್ನುವ ಮನೆಯಾತ, ಅದೇ ತೊಟ್ಟಿಯನ್ನು ವಾರಗಟ್ಟಲೆ ಮುಚ್ಚದೆ ಬಿಟ್ಟಿದ್ದರೆ, ಚತುರಿಂದ್ರಿಯ ಜೀವಗಳನ್ನು ನೂರುಗಟ್ಟಲೆ ಹುಟ್ಟಿಸಿ ಕೊಲ್ಲಲೇಬೇಕಾದ ಪರಿಸ್ಥಿತಿಗೆ ತಂದವನು ಅವನೇ. ಮುಚ್ಚಳವಿದ್ದ ತೊಟ್ಟಿಗೆ ಮೀನೂ ಬೇಡ, ಔಷಧವೂ ಬೇಡ. ಮುಚ್ಚಳವಿಲ್ಲದ ಮೇಲೆ ಬಂದವರನ್ನು ತಡೆಯುವ ನೈತಿಕ ಅಧಿಕಾರವೂ ಉಳಿಯುವುದಿಲ್ಲ.

ಆಸ್ಪತ್ರೆಗಳ ಮಾತಿಗೆ ಬಂದರೆ ದಾವಣಗೆರೆಯ ಸ್ಥಾನ ವಿಶೇಷವಾದದ್ದು. 1965ರಲ್ಲಿ ಜಗದ್ಗುರು ಜಯದೇವ ಮುರುಘರಾಜೇಂದ್ರ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ಚಿಗಟೇರಿ ಆಸ್ಪತ್ರೆ, ಬಾಪೂಜಿ ಆಸ್ಪತ್ರೆಗಳಿಗೆ ಹರಿಹರ, ಜಗಳೂರು, ಹರಪನಹಳ್ಳಿ, ರಾಣೆಬೆನ್ನೂರುಗಳಿಂದ ರೋಗಿಗಳು ಬರುತ್ತಲೇ ಇದ್ದಾರೆ. ರೋಗಿಯೊಬ್ಬನಾದರೆ ಅವನನ್ನು ನೋಡಲು ಬರುವವರು ಹತ್ತು ಮಂದಿ. ನೋಡದಿದ್ದರೆ ಬಳಗದಲ್ಲಿ ಮಾತು ಬರುತ್ತದೆ. ಮಂಚದ ಅಂಚಿನಲ್ಲಿ ಕುಳಿತು, ಕೈ ಹಿಡಿದು, ಗಾಯದ ಪಟ್ಟಿಯನ್ನು ಮುಟ್ಟಿ ನೋಡಿ, ಮಗುವನ್ನು ರೋಗಿಯ ಪಕ್ಕದಲ್ಲಿ ಮಲಗಿಸಿ, ತಂದ ಹಣ್ಣನ್ನು ಅಲ್ಲಿಯೇ ಹೆಚ್ಚಿ ಹಂಚಿ ಬರುವುದು ವಾತ್ಸಲ್ಯದ ಕ್ರಮ. ಮನೆಗೆ ಬಂದೊಡನೆ ಹಿತ್ತಲಲ್ಲಿ ಕಾಲು ತೊಳೆದು, ಬಟ್ಟೆ ಬಿಚ್ಚಿಟ್ಟು, ಸ್ನಾನ ಮಾಡಿಯೇ ಒಳಬರುವುದೂ ಕ್ರಮವೇ. ಇವೆರಡನ್ನೂ ಜೊತೆಯಾಗಿಟ್ಟು ನೋಡಿದಾಗ ಒಂದು ವಿಚಿತ್ರ ಕಾಣುತ್ತದೆ. ಆಸ್ಪತ್ರೆಯಿಂದ ಬಂದಮೇಲೆ ಸ್ನಾನ ಮಾಡದವರಿಲ್ಲ. ವಾರ್ಡಿನ ಒಳಗೆ ಕಾಲಿಡುವ ಮುಂಚೆ ಕೈ ತೊಳೆದವರನ್ನು ಹುಡುಕಬೇಕು.

ವಿಶ್ವ ಆರೋಗ್ಯ ಸಂಸ್ಥೆ ವೈದ್ಯರು, ದಾದಿಯರು ಕೈ ತೊಳೆಯಬೇಕಾದ ಐದು ಸಂದರ್ಭಗಳನ್ನು ಹೇಳಿದೆ. ಅವುಗಳಲ್ಲಿ ಎರಡು ರೋಗಿಯನ್ನು ಮುಟ್ಟುವ ಹಾಗೂ ಸೂಜಿ, ನಳಿಗೆ ಮೊದಲಾದ ಶುದ್ಧ ಕೆಲಸಗಳನ್ನು ಮಾಡುವ ಮುಂಚಿನವು. ಇವು ರೋಗಿಯ ರಕ್ಷಣೆಗಾಗಿ. ಉಳಿದ ಮೂರು ರಕ್ತಾದಿಗಳ ಸಂಪರ್ಕವಾದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಅವನ ಸುತ್ತಲಿನ ವಸ್ತುಗಳನ್ನು ಮುಟ್ಟಿದ ಮೇಲೆ. ಇವು ಮುಟ್ಟಿದವನ ಹಾಗೂ ಇತರರ ರಕ್ಷಣೆಗಾಗಿ. ಮುಟ್ಟಿದ ಮೇಲೆ ತೊಳೆಯುವವರ ಸಂಖ್ಯೆ ಮುಟ್ಟುವ ಮುಂಚೆ ತೊಳೆಯುವವರ ಸಂಖ್ಯೆಗಿಂತ ಹೆಚ್ಚೆಂದು ಹಲವು ದೇಶಗಳ ಸಮೀಕ್ಷೆಗಳು ಕಂಡಿವೆ. ಕಲಿತವರಲ್ಲಿಯೂ ಹೀಗೇ ಇದೆಯೆಂದರೆ ಇದು ಮನುಷ್ಯನ ಸ್ವಭಾವವೇ ಇರಬೇಕು. ತನ್ನ ಮೈಗೆ ಅಂಟಿದ ಕೊಳೆ ಕಾಣುತ್ತದೆ, ತನ್ನಿಂದ ಇನ್ನೊಬ್ಬರಿಗೆ ಅಂಟುವ ಕೊಳೆ ಕಾಣುವುದಿಲ್ಲ. ಶುಚಿತ್ವವು ಸ್ವರಕ್ಷಣೆಯಾಗಿರುವವರೆಗೆ ಅದು ಒಳ್ಳೆಯ ಅಭ್ಯಾಸವಷ್ಟೇ. ಪರರಕ್ಷಣೆಯಾದಾಗಲೇ ಅದನ್ನು ವ್ರತದ ಭಾಗವೆನ್ನಬಹುದು. ಎಲ್ಲೆಂದರಲ್ಲಿ ಉಗುಳುವವನಿಗೂ ಇದೇ ಮಾತು. ಕಫ ಮೂತ್ರಾದಿಗಳನ್ನು ನಿರ್ಜಂತುವಾದ ಸ್ಥಳವನ್ನು ನೋಡಿ ವಿಸರ್ಜಿಸಬೇಕೆಂಬ ಉತ್ಸರ್ಗ ಸಮಿತಿ ಮುನಿಗಳಿಗೆ ಹೇಳಿದ್ದಾದರೂ, ಗುಟ್ಕಾ ಜಗಿದು ಮೆಟ್ಟಿಲ ಮೂಲೆಗೆ ಉಗುಳುವ ಗೃಹಸ್ಥನಿಗೆ ಅದರ ಒಂದಂಶವಾದರೂ ಬೇಡವೇ?

ರೋಗಿಯಿಂದ ದೂರವಿರಿ ಎಂದರೆ ನಿರ್ವಿಚಿಕಿತ್ಸಾ ಅಂಗಕ್ಕೆ ಭಂಗವಲ್ಲವೇ ಎಂದು ಕೇಳುವವರಿದ್ದಾರೆ. ರೋಗಿಯ ದೇಹವನ್ನು ಕಂಡು ಹೇಸದಿರುವುದು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದು. ರೋಗಿಯಾದ ಮುನಿಯ ವೈಯಾವೃತ್ಯ ಅಂತರಂಗ ತಪಸ್ಸುಗಳಲ್ಲಿ ಒಂದು. ಈ ಅಂಗಕ್ಕೆ ಪ್ರಸಿದ್ಧನಾದವನು ಉದ್ದಾಯನ ರಾಜ. ಅವನನ್ನು ಪರೀಕ್ಷಿಸಲು ದೇವನೊಬ್ಬ ದುರ್ಗಂಧಮಯನಾದ ರೋಗಿ ಮುನಿಯ ವೇಷದಲ್ಲಿ ಬಂದು, ಆಹಾರವನ್ನು ಸ್ವೀಕರಿಸಿ, ಅರಸನ ಮೈಮೇಲೆಯೇ ವಾಂತಿ ಮಾಡಿಕೊಳ್ಳುತ್ತಾನೆ. ಪರಿವಾರ ಓಡಿಹೋಗುತ್ತದೆ, ಅರಸ ಓಡುವುದಿಲ್ಲ. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಅಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಆ ಹೊತ್ತಿನಲ್ಲಿ ಉದ್ದಾಯನ ಮಾಡಿದುದು ಎರಡು: ತಾನು ಕೊಟ್ಟ ಆಹಾರವೇ ಮುನಿಗಳಿಗೆ ವಿರುದ್ಧವಾಯಿತೆಂದು ತನ್ನನ್ನು ನಿಂದಿಸಿಕೊಂಡ; ನೀರು ತಂದು ಅವರ ದೇಹವನ್ನು ತೊಳೆದ. ಹೇಸದಿರುವುದಕ್ಕೂ ತೊಳೆಯದಿರುವುದಕ್ಕೂ ಸಂಬಂಧವಿಲ್ಲ. ಮುಖಕ್ಕೆ ಕವಚ, ಕೈಗೆ ಗವಸು ಹಾಕಿಕೊಂಡು ರೋಗಿಯ ಮಲಮೂತ್ರ ತೆಗೆಯುವ ದಾದಿ ಜುಗುಪ್ಸೆಯನ್ನು ಗೆದ್ದವಳೇ. ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡು ಕ್ಷೇಮ ವಿಚಾರಿಸುವ ಬಂಧು ಗೆದ್ದವನಲ್ಲ.

ಕೋವಿಡ್ ಬಂದ ವರ್ಷಗಳಲ್ಲಿ ಈ ವಿವೇಚನೆಯೆಲ್ಲ ಏಕಕಾಲದಲ್ಲಿ ಒರೆಗೆ ಹತ್ತಿತು. 2020ರ ಏಪ್ರಿಲ್ ಕೊನೆಯವರೆಗೆ ನೆಮ್ಮದಿಯಿಂದಿದ್ದ ದಾವಣಗೆರೆಯಲ್ಲಿ ಮೇ ತಿಂಗಳಲ್ಲಿ ಪ್ರಕರಣಗಳು ಒಮ್ಮೆಲೇ ಏರಿದವು. ಬಸದಿಗಳೂ ಸೇರಿ ಎಲ್ಲ ಪೂಜಾಸ್ಥಾನಗಳ ಬಾಗಿಲು ಮುಚ್ಚಿದ್ದು ಜೂನ್ 8ರವರೆಗೆ ಭಕ್ತರಿಗೆ ತೆರೆಯಲಿಲ್ಲ. ಇದನ್ನು ಸಮಾಜ ಬಹುತೇಕ ಶಿಸ್ತಿನಿಂದ ಒಪ್ಪಿಕೊಂಡಿತು. ಅಂಗಡಿಯ ವಿಷಯದಲ್ಲಿ ಅದೇ ಶಿಸ್ತು ಉಳಿಯಲಿಲ್ಲವೆಂಬುದನ್ನೂ ಹೇಳಬೇಕು. ಷಟರನ್ನು ಅರ್ಧ ಎಳೆದು, ಹೊರಗೆ ಹುಡುಗನನ್ನು ಕಾವಲಿಟ್ಟು, ಗಾಳಿಯಾಡದ ಒಳಕೋಣೆಯಲ್ಲಿ ಗಿರಾಕಿಗಳನ್ನು ತುಂಬಿಕೊಂಡು ನಡೆಸಿದ ವ್ಯಾಪಾರ ರಾಜ್ಯದ ಅನೇಕ ಪೇಟೆಗಳಲ್ಲಿ ಕಂಡುಬಂದಿತು. ತೆರೆದ ಅಂಗಡಿಗಿಂತ ಅದು ಹೆಚ್ಚು ಅಪಾಯಕಾರಿ. ರಾಜ್ಯದ ನಿಯಮವನ್ನು ಮೀರಿ ವ್ಯಾಪಾರ ಮಾಡುವುದನ್ನು ವಿರುದ್ಧರಾಜ್ಯಾತಿಕ್ರಮವೆಂದು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತತ್ತ್ವಾರ್ಥಸೂತ್ರವೇ ಎಣಿಸಿದೆ. ಬಾಡಿಗೆ, ಬಡ್ಡಿ, ನೌಕರರ ಸಂಬಳ ಇವುಗಳ ಒತ್ತಡ ನಿಜ. ಅದನ್ನು ಅಲ್ಲಗಳೆಯುವುದು ಸುಖದಲ್ಲಿರುವವರ ಮಾತಾದೀತು. ಆದರೆ ಆ ದಿನದ ಲಾಭ ತನ್ನ ಖಾತೆಯ ಜಮೆಗೆ ಸೇರಿತು, ಅದರ ಖರ್ಚು ಯಾರದೋ ಮನೆಯ ಪುಸ್ತಕಕ್ಕೆ ಬಿದ್ದಿತು. ಹೆಸರಿಲ್ಲದ ಈ ಖರ್ಚನ್ನು ಯಾವ ಲೆಕ್ಕಪರಿಶೋಧಕನೂ ಹಿಡಿಯಲಾರ.

2021ರ ಏಪ್ರಿಲ್, ಮೇ ತಿಂಗಳ ಎರಡನೆಯ ಅಲೆ ಉಳಿಸಿಹೋದ ನೋವು ಬೇರೆ ಬಗೆಯದು. ಔಷಧದ ಅಂಗಡಿ, ಬ್ಯಾಂಕು, ಆಸ್ಪತ್ರೆಗಳಿಗೆ ದಿನವೂ ಹೋಗಲೇಬೇಕಾಗಿದ್ದ ಮಕ್ಕಳು ರೋಗವನ್ನು ಮನೆಗೆ ತಂದರು; ಮಕ್ಕಳು ಉಳಿದರು, ತಂದೆತಾಯಿಗಳು ಹೋದರು. ಅಂತಹ ಎಷ್ಟೋ ಮನೆಗಳಲ್ಲಿ ಬಾಯಿಬಿಟ್ಟು ಹೇಳದ ಪ್ರಶ್ನೆಯೊಂದು ಉಳಿದಿದೆ: ತಂದೆಯನ್ನು ಕೊಂದವನು ನಾನೇ ಅಲ್ಲವೇ? ಇದಕ್ಕೆ ‘ಹಣೆಬರಹ’ ಎಂದು ಉತ್ತರಿಸುವುದು ಸಾಂತ್ವನವಲ್ಲ, ಮಾತು ಮುಗಿಸುವ ಉಪಾಯ. ಅಮೃತಚಂದ್ರಸೂರಿಗಳ ಉತ್ತರ ಇದಕ್ಕಿಂತ ಕರುಣೆಯುಳ್ಳದ್ದು, ಏಕೆಂದರೆ ಅದು ಇನ್ನೊಂದು ಪ್ರಶ್ನೆಯನ್ನು ಕೇಳುತ್ತದೆ: ತಿಳಿದಷ್ಟು ಎಚ್ಚರವನ್ನು ಮಾಡಿದ್ದೆಯಾ? ಮುಖಗವಸು ಧರಿಸಿದ್ದರೆ, ಹೊರಗಿನಿಂದ ಬಂದಾಗ ಕೈಕಾಲು ತೊಳೆದಿದ್ದರೆ, ಜ್ವರ ಬಂದಂದೇ ಬೇರೆ ಕೋಣೆ ಸೇರಿದ್ದರೆ, ಆ ಮಗ ಯತ್ನಾಚಾರಿಯೇ. ರೋಗಲಕ್ಷಣ ಕಾಣುವುದಕ್ಕೆ ಒಂದೆರಡು ದಿನ ಮುಂಚೆಯೇ ಆ ಸೋಂಕು ಹರಡಬಲ್ಲದ್ದಾಗಿತ್ತು; ಅದನ್ನು ಯಾವ ಎಚ್ಚರವೂ ಪೂರ್ತಿಯಾಗಿ ತಡೆಯುತ್ತಿರಲಿಲ್ಲ. ಅವನ ಪಾಲಿಗೆ ದುಃಖವಿದೆ, ದೋಷವಿಲ್ಲ. ಎಚ್ಚರ ತಪ್ಪಿದ್ದರೆ ಅದಕ್ಕೆ ಆಲೋಚನೆ, ಪ್ರತಿಕ್ರಮಣಗಳ ಮಾರ್ಗವಿದೆ. ಇವೆರಡನ್ನೂ ಬೇರ್ಪಡಿಸಿ ನೋಡದೆ ಎಲ್ಲವನ್ನೂ ಒಂದೇ ಭಾರವಾಗಿ ಹೊತ್ತುಕೊಂಡಿರುವವರಿಗೆ ಹಿರಿಯರು ಇದನ್ನು ಬಿಡಿಸಿ ಹೇಳುವುದು ಒಂದು ವೈಯಾವೃತ್ಯವೇ ಸರಿ.

ಬಸದಿಯ ಟ್ರಸ್ಟುಗಳ ಮಟ್ಟದಲ್ಲಿ ಆಗಬಹುದಾದುದೂ ಕೆಲವಿದೆ. ಅಭಿಷೇಕಕ್ಕೆ ಉಡಲು ಇಟ್ಟಿರುವ ಪಂಚೆಗಳನ್ನು ಒಬ್ಬರು ಉಟ್ಟು ಬಿಟ್ಟಮೇಲೆ ತೊಳೆಯದೆ ಇನ್ನೊಬ್ಬರು ಉಡುವುದು, ಗಂಧೋದಕದ ಒಂದೇ ಬಟ್ಟಲಿಗೆ ಎಲ್ಲರೂ ಬೆರಳದ್ದಿ ಕಣ್ಣಿಗೆ ಹಚ್ಚಿಕೊಳ್ಳುವುದು ಇವನ್ನು ಒಂದು ಸಣ್ಣ ಚಮಚ, ಒಂದು ಅಗಸರ ಬಿಲ್ಲು ಸರಿಪಡಿಸಬಲ್ಲವು. ಕಣ್ಣುಬೇನೆಯ ಕಾಲದಲ್ಲಿ ಬಟ್ಟಲಿನ ಅಪಾಯ ಎಲ್ಲರಿಗೂ ತಿಳಿದದ್ದೇ.

ಇವೆಲ್ಲಕ್ಕಿಂತ ಸೂಕ್ಷ್ಮವಾದುದು ಆಹಾರದಾನ. ಮುನಿಗಳು ದಿನಕ್ಕೊಮ್ಮೆ, ನಿಂತು, ಅಂಗೈಯಲ್ಲಿ ಆಹಾರ ಸ್ವೀಕರಿಸುವವರು. ಕೊಟ್ಟವರ ಕೈಯಿಂದ ಬಂದುದು ನೇರವಾಗಿ ಅವರ ಪಾಣಿಪಾತ್ರೆಗೆ, ಅಲ್ಲಿಂದ ಮುಖಕ್ಕೆ. ಜ್ವರ ಬಂದರೂ ಔಷಧವನ್ನು ಅದೇ ಆಹಾರದ ವೇಳೆಯಲ್ಲಿ ಮಾತ್ರ ತೆಗೆದುಕೊಳ್ಳಬಲ್ಲರು. ಹರಿಹರದಲ್ಲಿ ಅಂಟಿದ ರೋಗವನ್ನು ಹೊತ್ತು ದಾವಣಗೆರೆಗೆ, ಅಲ್ಲಿಂದ ಮುಂದಿನ ಊರಿಗೆ ಬರಿಗಾಲಿನಲ್ಲಿ ನಡೆಯಬೇಕಾದವರು. ಇಷ್ಟು ನಿರಾಶ್ರಯರಾದವರ ಮುಂದೆ ದಾತಾರನು ಮನ, ವಚನ, ಕಾಯ ಶುದ್ಧವೆಂದೂ ಆಹಾರ ಜಲಗಳು ಶುದ್ಧವೆಂದೂ ನುಡಿದೇ ತುತ್ತು ಎತ್ತುತ್ತಾನೆ. ಗಂಟಲು ನೋವನ್ನು ಮಾತ್ರೆಯಿಂದ ಅದುಮಿಟ್ಟುಕೊಂಡು, ಬೆಳಗಿನಿಂದ ಎರಡು ಬಾರಿ ಭೇದಿಯಾದುದನ್ನು ಮನೆಯವರಿಗೂ ಹೇಳದೆ, ತಪ್ಪಿಹೋಗಬಾರದ ಪುಣ್ಯವೆಂದು ಬಂದು ನಿಂತವನು ಕಾಯಶುದ್ಧಿಯನ್ನು ನುಡಿದಾಗ ಅದು ಅಸತ್ಯ. ಆ ಅಸತ್ಯವನ್ನು ಕೇಳಿ ಮುನಿಗಳು ನಂಬಿ ಕೈ ಚಾಚುತ್ತಾರೆ. ಸ್ನಾನ ಮಾಡಿದ್ದೇನೆ, ಮಡಿ ಉಟ್ಟಿದ್ದೇನೆ ಎಂಬ ಸಮಾಧಾನ ಇಲ್ಲಿ ಸಲ್ಲದು. ಸ್ನಾನದಿಂದ ಹೋಗುವ ಮಾಲಿನ್ಯ ಅದಲ್ಲ.

ಹೀಗೆ ಮಾಡುವವರು ದುಷ್ಟರಲ್ಲ. ವರ್ಷಗಟ್ಟಲೆ ಕಾದು ಬಂದ ಅವಕಾಶ, ಬಂಧುಗಳೆಲ್ಲ ಬಂದು ನೆರೆದಿರುತ್ತಾರೆ, ಹಿಂದೆ ಸರಿದರೆ ಮತ್ತೆ ಯಾವಾಗಲೋ. ಸರಿಯುವ ದಾರಿಯನ್ನು ಸುಲಭ ಮಾಡಿಕೊಡುವುದು ವ್ಯವಸ್ಥಾಪಕರ ಕೈಯಲ್ಲಿದೆ. ಚಾತುರ್ಮಾಸದಲ್ಲಿ ಆಹಾರದಾನಕ್ಕೆ ಹೆಸರು ಕೊಟ್ಟ ಮನೆಗಳ ಪಟ್ಟಿಯನ್ನು ಬಸದಿಯ ಹಲಗೆಗೆ ಅಂಟಿಸುವಾಗ, ಸೂತಕ ಬಂದವರ ದಿನವನ್ನು ಮುಂದಕ್ಕೆ ಹಾಕುವಂತೆಯೇ ಜ್ವರ, ಕೆಮ್ಮು, ಭೇದಿ ಇರುವ ಮನೆಯ ದಿನವನ್ನೂ ಕಾರಣ ಕೇಳದೆ ಮುಂದಕ್ಕೆ ಹಾಕಲಾಗುವುದೆಂದೂ, ಅವರ ಹೆಸರು ಪಟ್ಟಿಯಿಂದ ಹೋಗುವುದಿಲ್ಲವೆಂದೂ ಕೆಳಗೆ ಒಂದು ಸಾಲು ಬರೆದರೆ ಸಾಕು. ಪಟ್ಟಿಯ ಪಕ್ಕದಲ್ಲಿ ಕೈ ತೊಳೆಯುವ ನಲ್ಲಿ, ಸಾಬೂನು ಮತ್ತು ಒಣಗಿದ ಶುಭ್ರ ವಸ್ತ್ರ ಇರಲಿ. ಅದರ ಖರ್ಚನ್ನು ಟ್ರಸ್ಟಿನ ಲೆಕ್ಕದಲ್ಲಿ ಇತರೆ ಬಾಬಿಗೆ ಸೇರಿಸದೆ ಜೀವದಯೆಯ ಬಾಬಿಗೇ ಹಾಕಬಹುದು.